ತೊಟ್ಟಿಗೆ ಬಿದ್ದ ಲಿಂಬೆಹೋಳು

ಬಾವಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದೂರಿನ ಬಾವಿಯೊಳಗೆ ಒಬ್ಬ ರಕ್ಕಸ ಬಂದು ಸೇರಿಕೊಂಡಿದ್ದನಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಣುಕಿದವರಿಗೆ ಬಾವಿಯ ತಳದ ಕಲ್ಲು ಕಾಣುತ್ತಿತ್ತೇ ಹೊರತು ಅವನು ಕಾಣುತ್ತಿರಲಿಲ್ಲ. ನೀರು ಕುಡಿದವರ ಕಾಲು ಮಾತ್ರ ಜುಮುಗುಡುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ರಾಜ ಕಬ್ಬಿಣದ ಬಲೆ ಹೆಣೆಸಿ ಇಳಿಸಿದ. ಮೀನು ಸಿಕ್ಕಿತು, ಆಮೆ ಸಿಕ್ಕಿತು, ಯಾರದೋ ಅತ್ತೆಯ ಕಳೆದುಹೋದ ಮೂಗುತಿಯೂ ಸಿಕ್ಕಿತು. ರಕ್ಕಸ ಮಾತ್ರ ಬಲೆಯ ಕಣ್ಣುಗಳಲ್ಲಿ ಗಾಳಿಯ ಹಾಗೆ ನುಸುಳಿ ಹೋದ.

ಆಗ ರಾಜನ ಕಿರಿಸೊಸೆ ಹೇಳಿದಳಂತೆ: “ಮಾವನವರೇ, ಬಲೆಯ ಕಣ್ಣು ಎಷ್ಟು ಸಣ್ಣದು ಮಾಡಿದರೂ ಅವನು ಸಿಗುವವನಲ್ಲ. ಮೊದಲು ಅವನಿಗೆ ಸಿಟ್ಟು ಬರಿಸಿ. ಸಿಟ್ಟು ಬಂದರೆ ರಕ್ಕಸನಿಗೆ ಕೊಂಬು ಮೂಡುತ್ತವೆ. ಕೊಂಬು ಮೂಡಿದವನು ತಾನಾಗಿಯೇ ಬಲೆಗೆ ಸಿಕ್ಕಿಕೊಳ್ಳುತ್ತಾನೆ.”

“ಹಂಗಾದ್ರ ಅವಗ ಸಿಟ್ಟು ಹೆಂಗ ಬರಸಿದ್ಲು ಅಂತಿ?” ಪಂಪ್ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ಗೋದಾಬಾಯಿ ಕೇಳಿದರು.

“ಅಜ್ಜಿ, ಸದ್ಯ ನನಗ ಬಂದೈತಿ ಸಿಟ್ಟು. ಅಷ್ಟು ಸಾಕು.”

ನಿರೀಕ್ಷಾ ಪರೀಕ್ಷೆಯ ಬಾಟಲಿಯ ಮುಚ್ಚಳ ತಿರುವಿ, ಒಳಗಿನ ಸಣ್ಣ ಕಾಗದದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಲ್ಲಿ ವಿಷವಿಲ್ಲದಿದ್ದರೆ ಪಟ್ಟಿ ಬಿಳಿಯಾಗಿಯೇ ಉಳಿಯಬೇಕು. ಇದು ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

ಮತ್ತೆ ಹಳದಿ.

ಕಿಟಕಿಯ ಕಟ್ಟೆಯ ಮೇಲೆ ಬೆಳಗಿನಿಂದ ಸಾಲಾಗಿ ಒಣಗುತ್ತಿದ್ದ ಉಳಿದ ಹಳದಿ ಪಟ್ಟಿಗಳ ಪಕ್ಕದಲ್ಲಿ ಅವಳು ಇದನ್ನೂ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಎಸೆದಳು.

ಮಲ್ಕಾಜ್‌ಗಿರಿಯ ರೈಲು ಹಳಿಗಳ ಆಚೆಗಿನ ಈ ಅನ್ನದಾನ ಕಾಲೊನಿಯ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿ, ನೀರು ಶುದ್ಧ ಮಾಡುವ ಯಂತ್ರ ನಡೆಸುತ್ತಿದ್ದ ಗುರುಬಸವನನ್ನು ಪೊಲೀಸರು ಕರೆದೊಯ್ದಿದ್ದರು. ಯಂತ್ರ ಸರಿ ಇದೆ, ಔಷಧದ ತೊಟ್ಟಿಯೂ ತುಂಬಿದೆ. ಹಾಗಾದರೆ ವಿಷವನ್ನು ಅವನೇ ಕೈಯಾರೆ ಬೆರೆಸಿರಬೇಕು ಎಂದು ಕಾಲೊನಿಯ ನೀರಿನ ಸಮಿತಿಯ ವಾದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಮಿತಿ ಕೂಡಿ ದೂರಿಗೆ ಸಹಿ ಹಾಕಲಿತ್ತು. ಸಹಿ ಬಿದ್ದರೆ ಗುರುಬಸವ ಠಾಣೆಯಿಂದ ನೇರ ಜೈಲಿಗೆ.

ಅವನ ಹೆಂಡತಿ ಶಿವದೇವಿ ಪಂಪ್ ಮನೆಯ ಹೊಸ್ತಿಲಿಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ತಂಬಿಗೆ. ಖಾಲಿ.

“ಇದೇ ಯಂತ್ರದ, ಇದೇ ನಲ್ಲಿಯ ಒಂದು ತಂಬಿಗಿ ಚಲೋ ನೀರು ನಿಮ್ಮ ಕೈಗೆ ಕೊಡ್ತೀನ್ರಿ,” ಎಂದು ನಿರೀಕ್ಷಾ ಮಾತು ಕೊಟ್ಟಿದ್ದಳು. ಯಂತ್ರವನ್ನು ಬಿಟ್ಟು ಬೇರಾರೂ ಏನೂ ಮಾಡದೆ ನೀರು ಶುದ್ಧವಾದರೆ, ವಿಷ ನೆಲದ ಒಡಲಿನದು, ಗುರುಬಸವನ ಕೈಯದಲ್ಲ ಎಂದು ತಾನಾಗಿ ಸಾಬೀತಾಗುತ್ತದೆ. ಲೆಕ್ಕ ಸುಲಭವಾಗಿತ್ತು. ನೀರು ಮಾತ್ರ ಕೇಳುತ್ತಿರಲಿಲ್ಲ.

ನಾಂಪಲ್ಲಿ ಸ್ಟೇಷನ್ನಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವಳ ಪತ್ತೇದಾರಿ ಆಫೀಸು. ಅಲ್ಲಿಗೆ ಬರುವವರೆಲ್ಲ ಹುಡುಗ ಕುಡಿಯುತ್ತಾನೋ, ಮಿಯಾಪುರದ ಫ್ಲ್ಯಾಟು ನಿಜಕ್ಕೂ ಅವನದೋ ಎಂದು ಕೇಳುವ ಹೆಣ್ಣಿನ ತಂದೆಯರು. ವರಗಳ ಸುಳ್ಳು ಹಿಡಿದು ರೂಢಿಯಿತ್ತು. ನೀರಿನ ಸುಳ್ಳು ಹಿಡಿಯುವುದು ಇದೇ ಮೊದಲು.

“ನಾನು ಬೆಳಿಗ್ಗೆಯೇ ಹೇಳಿದ್ದೆ ಮೇಡಂ,” ಎಂದ ವಿನಾಯಕ. ಯಂತ್ರ ಕೂಡಿಸಿದ ಇಂಜಿನಿಯರ್ ಅವನೇ. ಊರು ಉಡುಪಿಯ ಕಡೆ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚದೆ ಬೆಳಗಿನಿಂದ ಗೋಡೆಗೆ ಒರಗಿ ನಿಂತಿದ್ದ. “ಯಂತ್ರದ್ದು ಎಂತದೂ ತಪ್ಪಿಲ್ಲ. ಕಬ್ಬಿಣದ ಮರಳು ಬದಲಾಯಿಸಿದ್ರಿ. ನೀರು ನಿಧಾನ ಬಿಟ್ರಿ. ಪೈಪು ತೊಳೆಸಿದ್ರಿ. ಎಂತ ಆಯ್ತು?”

“ಇನ್ನೊಂದ್ಸಲ ಹೇಳ್ರಿ, ಇದು ನಡಿಯೂದು ಹೆಂಗ?”

“ಮೂರನೇ ಸಲ ಮೇಡಂ.”

“ನಾಲ್ಕನೇದೂ ಕೇಳ್ತೀನಿ. ಹೇಳ್ರಿ.”

ವಿನಾಯಕ ನಿಟ್ಟುಸಿರು ಬಿಟ್ಟ. “ಬೋರಿನಿಂದ ಬರುವ ಆರ್ಸೆನಿಕ್ ಕಬ್ಬಿಣದ ಮರಳಿಗೆ ಅಂಟುದಿಲ್ಲ, ಜಾರಿಕೊಂಡು ಹೋಗ್ತದೆ. ಅದಕ್ಕೆ ಮೊದಲು ಈ ತೊಟ್ಟಿಯಿಂದ ಪರ್ಮಾಂಗನೇಟು ಔಷಧ ಹನಿಹನಿಯಾಗಿ ಸೇರಬೇಕು. ಶಾಲೆಯಲ್ಲಿ ಉತ್ಕರ್ಷಣ ಅಂತ ಓದಿದ್ದೇವಲ್ಲ, ಅದೇ. ಅದರಿಂದ ಆರ್ಸೆನಿಕ್ಕಿನ ರೂಪ ಬದಲಾಗ್ತದೆ. ರೂಪ ಬದಲಾದ ಮೇಲೆ ಮರಳಿಗೆ ಗಪ್ಪಂತ ಹಿಡೀತದೆ.”

“ಕೊಂಬು ಮೂಡತಾವ,” ಎಂದರು ಗೋದಾಬಾಯಿ ಕುರ್ಚಿಯಿಂದ.

“ಹಾಂ?”

“ಏನಿಲ್ಲಪಾ. ನೀ ಹೇಳು.”

“ಅಷ್ಟೇ ಅಜ್ಜಿ. ತೊಟ್ಟಿ ಗುಲಾಬಿ ಇದ್ದರೆ ಎಲ್ಲ ಸರಿ ಅಂತ ಅರ್ಥ. ಇಡೀ ಕಾಲೊನಿಗೆ ಹೇಳಿಕೊಟ್ಟಿದ್ದೇನೆ. ನೋಡಿ, ಗುಲಾಬಿ ಇಲ್ವಾ?”

ಇತ್ತು. ಅದೇ ತಲೆಕೆಡಿಸುತ್ತಿದ್ದುದು. ಮೂಲೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ಮದುಮಗಳ ಸೆರಗಿನಂತೆ ಗುಲಾಬಿಯಾಗಿ, ಏನೂ ಅರಿಯದಂತೆ ನಿಂತಿತ್ತು.

ನಿರೀಕ್ಷಾ ತೊಟ್ಟಿಯ ಹೊಟ್ಟೆಗೆ ಒದ್ದಳು. ಪತ್ತೇದಾರಿಣಿಗೆ ಶೋಭಿಸುವ ಕೆಲಸವಲ್ಲ. ಕಾಲಿನ ಹೆಬ್ಬೆರಳಿಗೂ ನೋವಾಯಿತು.

“ಯವ್ವಾ, ಅದೇನು ಮಾಡೀತು ಪಾಪ,” ಎಂದಳು ಶಿವದೇವಿ.

ನೀರು ತುಳುಕಿತು. ತಳದಲ್ಲೆಲ್ಲೋ ಸಿಕ್ಕಿಕೊಂಡಿದ್ದ ಏನೋ ಬಿಡಿಸಿಕೊಂಡು, ಒಮ್ಮೆ ಮಗುಚಿ, ಮೇಲಕ್ಕೆ ತೇಲಿ ಬಂತು.

ಅರ್ಧ ಲಿಂಬೆಹಣ್ಣು.

“ಅಯ್ಯ, ಇದು ಅಮಾಸಿ ಲಿಂಬಿಹಣ್ಣು!” ಶಿವದೇವಿ ಎದ್ದು ಬಂದಳು. “ಪ್ರತಿ ಅಮಾಸಿಗೆ ನಮ್ಮನಿಯವ್ರು ಯಂತ್ರಕ್ಕ ದೃಷ್ಟಿ ಆಗಬಾರದಂತ ಹಣ್ಣು ಹೋಳು ಮಾಡಿ, ಕುಂಕುಮ ಹಚ್ಚಿ, ತೊಟ್ಟಿ ಅಂಚಿನ ಮ್ಯಾಲ ಆ ಕಡಿಗೊಂದು ಈ ಕಡಿಗೊಂದು ಇಡ್ತಿದ್ರು. ಈ ಸಲ ಒಂದು ಕಾಣವಲ್ದು ಅಂತ ಹುಡುಕ್ಯಾಡಿದ್ರು. ಅವತ್ತ ಮರುದಿನಾನ ಪೊಲೀಸ್ರು ಬಂದ್ರು. ಹೋಳು ಕಳದದ್ದಕ್ಕ ಹಿಂಗಾತು ಅಂತ ನಾ ಅತ್ತೀನಿ.”

“ಇದೊಂದು ಬಾಕಿ ಇತ್ತು ಮಾರಾಯ್ರೆ,” ವಿನಾಯಕ ಹಣೆ ಚಚ್ಚಿಕೊಂಡ. “ಔಷಧದ ತೊಟ್ಟಿಗೆ ಲಿಂಬೆಹಣ್ಣು! ಇನ್ನು ಉಪ್ಪೂ ಮೆಣಸಿನಕಾಯಿಯೂ ಹಾಕಿದ್ದರೆ ಉಪ್ಪಿನಕಾಯಿಯಾದರೂ ಆಗ್ತಿತ್ತು.”

ನಿರೀಕ್ಷಾ ನಗಲಿಲ್ಲ. ಹೋಳನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಅಮಾವಾಸ್ಯೆಯಿಂದ ಅದರಲ್ಲೇ ಬಿದ್ದಿತ್ತು. ಸಿಪ್ಪೆ ಸ್ವಲ್ಪ ಮೆತ್ತಗಾಗಿತ್ತು, ಒಳಗಿನ ತೊಳೆಗಳು ತಿಳಿ ಗುಲಾಬಿಯಾಗಿದ್ದವು. ಅಷ್ಟೇ. ಹಳದಿ ಹಳದಿಯಾಗಿಯೇ ಇತ್ತು.

ಅವಳ ನೆನಪಿನ ಯಾವುದೋ ಮೂಲೆಯಲ್ಲಿ ಏನೋ ಕೆರೆಯಿತು.

“ಅಜ್ಜಿ, ಕಲಬುರ್ಗಿ ಮನ್ಯಾಗ ಪೇರಲಹಣ್ಣು ತೊಳಿಯಾಕ ಒಂದು ಕೆಂಪು ಔಷಧಿ ಹಾಕ್ತಿದ್ದೆಲ್ಲ ನೀ?”

“ಹೂಂ. ಬಾವಿಗೂ ಹಾಕಸ್ತಿದ್ದೆ, ಮಳಿಗಾಲದಾಗ. ಒಮ್ಮೆ ಹಣ್ಣು ಅದರಾಗ ಮರತು ರಾತ್ರಿ ಮಲಗಿಬಿಟ್ಟೆ. ಮುಂಜಾನೆದ್ದು ನೋಡಿದ್ರ ಎಲ್ಲಾ ಹಣ್ಣು ಸುಟ್ಟ ಬದನಿಕಾಯಿ ಆಗಿದ್ವು. ನೀ ಕೈ ಹಾಕಿ ಬೆರಳು ಕರ್ರಗ ಮಾಡಿಕೊಂಡು ಸಾಲಿಗೆ ಹೋಗಂಗಿಲ್ಲ ಅಂತ ಅತ್ತಿದ್ದಿ.”



ನಿರೀಕ್ಷಾ ತನ್ನ ಬೆರಳು ನೋಡಿಕೊಂಡಳು. ತೊಟ್ಟಿಯಲ್ಲಿ ಅದ್ದಿದ ಬೆರಳು. ದುಪಟ್ಟಾದ ಅಂಚಿಗೆ ಒರೆಸಿದಳು. ಗುಲಾಬಿ ಪೂರ್ತಿ ಹೋಯಿತು.

“ಆ ಹೊಸ ಡಬ್ಬಿ ಕೊಡ್ರಿ,” ಎಂದಳು ವಿನಾಯಕನಿಗೆ. ಬರುವ ತಿಂಗಳಿಗೆಂದು ಅವನು ಬೆಳಿಗ್ಗೆ ತಂದ ಪರ್ಮಾಂಗನೇಟಿನ ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ, ಪಟ್ಟಿಗಳ ಪಕ್ಕದಲ್ಲೇ ಇತ್ತು. ಮುಚ್ಚಳಕ್ಕೆ ಕೆಂಪು ಸೀಲು.

“ಅದಾಗುದಿಲ್ಲ ಮೇಡಂ. ಸಮಿತಿ ಕೈಗೆ ಕೊಡುವ ಮೊದಲು ಸೀಲು ಒಡೆದರೆ ನಾಳೆ ನನ್ನ ತಲೆಗೆ ಬರ್ತದೆ. ಪೊಲೀಸ್ ಕೇಸು ಬೇರೆ ನಡೀತಾ ಉಂಟು.”

“ಒಂದು ಚಿಟಿಕಿ ಸಾಕ್ರಿ.”

“ರೂಲ್ಸು ಮೇಡಂ. ಕ್ಷಮಿಸಿ.”

ರೂಲ್ಸು! ಬೆಳಗಿನಿಂದ ಕೇಳಿದ ಮಾತುಗಳಲ್ಲಿ ಅವಳಿಗೆ ಅತಿ ಹೆಚ್ಚು ಉರಿ ಹತ್ತಿಸಿದ್ದು ಇದು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು.

*

ಸ್ಟೇಷನ್ ರಸ್ತೆಯಲ್ಲಿ ಬಣ್ಣದ ಮೀನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿ. ಮೀನಿಗೆ ಹುಣ್ಣಾದರೆ ಇದೇ ಕೆಂಪು ಔಷಧ, ಪರ್ಮಾಂಗನೇಟು, ಹಾಕುತ್ತಾರೆಂದು ಅವಳಿಗೆ ಯಾವುದೋ ವರನ ವಿಚಾರಣೆಯಲ್ಲಿ ತಿಳಿದಿತ್ತು. ಆ ವರನಿಗೆ ಮೀನಿನ ಹುಚ್ಚು.

“ಲಾಲ್ ದವಾ? ಹೈ ನಾ ಆಪಾ,” ಎಂದು ಅಂಗಡಿಯಾತ ಸಣ್ಣ ಬಾಟಲಿ ಮುಂದಿಟ್ಟ. “ಮಗರ್ ಹಾಥಾಂ ಕು ಮತ್ ಲಗಾವೊ. ಹಫ್ತಾ ಭರ್ ನೈ ಜಾತಾ.”

ಕೈಗೆ ಹತ್ತಿದರೆ ವಾರವಾದರೂ ಹೋಗುವುದಿಲ್ಲ. ನಿರೀಕ್ಷಾ ಅಲ್ಲೇ ಬಾಟಲಿ ತೆರೆದು, ಒದ್ದೆ ಬೆರಳಿನ ತುದಿಯನ್ನು ಪುಡಿಗೆ ಮುಟ್ಟಿಸಿದಳು. ಮೊದಲು ನೇರಳೆ. ಪಂಪ್ ಮನೆ ತಲುಪುವಷ್ಟರಲ್ಲಿ ಬೆರಳು ಬೀಡಿ ಸೇದುವವನ ಬೆರಳಿನಂತೆ ಕಂದಾಗಿತ್ತು.

ಎರಡು ಗಾಜಿನ ಲೋಟ ಇಟ್ಟಳು. ಒಂದರಲ್ಲಿ ತೊಟ್ಟಿಯ ಗುಲಾಬಿ ನೀರು. ಇನ್ನೊಂದರಲ್ಲಿ ಮೀನಿನಂಗಡಿಯ ಔಷಧದ ಕಾಳು ಕರಗಿಸಿದ ನೀರು. ನೋಡಿದರೆ ಅಕ್ಕ ತಂಗಿಯರು. ಅಜ್ಜಿಯ ಊಟದ ಡಬ್ಬಿಯಲ್ಲಿದ್ದ ಲಿಂಬೆಹಣ್ಣಿನ ಹೋಳನ್ನು ಎರಡಕ್ಕೂ ಹಿಂಡಿದಳು.

ಮೀನಿನಂಗಡಿಯ ಲೋಟ ಬಣ್ಣ ಕಳೆದುಕೊಂಡಿತು. ಗುಲಾಬಿ ಹೋಗಿ ಕಂದು, ಕಂದು ಹೋಗಿ ತಿಳಿ ಚಹಾ, ಕೊನೆಗೆ ಬರೀ ಲಿಂಬೆನೀರು.

ತೊಟ್ಟಿಯ ಲೋಟ ಗುಲಾಬಿಯಾಗಿಯೇ ನಿಂತಿತ್ತು. ಮೊಂಡುತನದ ಗುಲಾಬಿ.

“ತೊಟ್ಟ್ಯಾಗ ಇರೂದು ಔಷಧಿ ಅಲ್ಲ,” ಎಂದಳು ನಿರೀಕ್ಷಾ. “ಮಿಠಾಯಿಗೆ ಹಾಕೂವಂಥಾ ಬಣ್ಣ. ರಕ್ಕಸಗ ಸಿಟ್ಟು ಬರಸೋರೇ ಇಲ್ಲ. ಬರೀ ಬಲಿ ಬೀಸಾಕತ್ತೀವಿ.”

ಗೋದಾಬಾಯಿ ಗೆದ್ದವರಂತೆ ತಲೆ ಆಡಿಸಿದರು.

ವಿನಾಯಕ ಲೋಟಗಳನ್ನು ದಿಟ್ಟಿಸಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, “ಹಾಗಾದ್ರೆ ಇದು ಇನ್ನೂ ಕಷ್ಟ ಅಲ್ವಾ ಮೇಡಂ? ತೊಟ್ಟಿ ತುಂಬಿಸುವವ ಗುರುಬಸವ. ಔಷಧ ಮಾರಿಕೊಂಡು ಬಣ್ಣ ಹಾಕಿದ್ದಾನೆ. ಪೊಲೀಸರಿಗೆ ಇನ್ನೆಂತ ಬೇಕು?”

ನಿರೀಕ್ಷಾ ಎರಡೂ ಲೋಟಗಳನ್ನು ಪಕ್ಕಕ್ಕೆ ಸರಿಸಿದಳು. ನಿಜ. ಬೆಳಗಿನಿಂದ ಹೆಣಗಾಡಿ, ತೊಟ್ಟಿ ಒದ್ದು, ಬೆರಳು ಕಂದು ಮಾಡಿಕೊಂಡು, ತಾನು ಬಿಡಿಸಲು ಬಂದವನಿಗೇ ಇನ್ನೊಂದು ಕೋಳ ತೊಡಿಸಿದ್ದಳು.

“ನಮ್ಮನಿಯವ್ರು ಅಂಥಾವ್ರಲ್ಲ!” ಶಿವದೇವಿ ನಡುವೆ ಬಂದಳು. “ಆ ಔಷಧಿ ಕೂಡ ಬಡದಾಡಿ ಅವ್ರ ಉಗುರು ಹೆಂಗಾಗಿದ್ವು ನಿಮಗೇನು ಗೊತ್ತ್ರೀ? ಊಟಕ್ಕ ಕೂತ್ರ ಸಗಣಿ ಬಾಚಿದವರಂಗ. ಕೈ ತೊಳ್ಕೊಂಡು ಬರ್ರಿ ಅಂತ ದಿನಾ ಬೈತಿದ್ದೆ, ತೊಳದೇನಿ ಮಾರಾಯ್ತಿ ಅಂತಿದ್ರು. ಆಮ್ಯಾಲ ಹೊಸಾ ಡಬ್ಬಿ ಬಂದಾಗಿಂದ ಉಗುರು ಸ್ವಚ್ಛ ಆದ್ವು. ‘ಈ ಔಷಧಿ ಭಾಳ ಸುಧಾರಿಸೈತಿ, ಕೈಗೆ ಹತ್ತಂಗಿಲ್ಲ’ ಅಂತ ಖುಷೀಲೆ ತೋರಸಿದ್ರು. ನಾನೂ ಖುಷಿ ಆದೆ. ಖುಷಿ ಆದೆನ್ರೀ ನಾ!”

ನಿರೀಕ್ಷಾ ಅವಳ ಎರಡೂ ಭುಜ ಹಿಡಿದಳು. “ಅಕ್ಕಾರ, ಉಗುರು ಸ್ವಚ್ಛ ಆಗಿದ್ದು ಯಾವಾಗಿಂದ? ನೆನಪು ಮಾಡಿಕೊಳ್ರಿ.”

“ಯಾವಾಗಂದ್ರ… ಸೌಂದರ್ಯಾನ ಬಸುರಿನ ಕುಬಸ ಆತಲ್ಲ, ಅದರ ಮರುವಾರ. ಕುಬಸದ ದಿನ ಔಷಧಿ ಒಂದೀಟು ಹೆಚ್ಚು ಬಿದ್ದು ನೀರು ಕಂದು ಬಂದಿತ್ತು. ಬಸುರಿ ಹೆಣ್ಣಿನ ಹಸರ ಸೀರಿ ಸೆರಗಿಗೆ ಕಲಿ ಕೂತು ದೊಡ್ಡ ರಂಪ. ಎಲ್ಲಾರ ಮುಂದ ಇವರು ಬೈಸಿಕೊಂಡದ್ದಾತು.”

“ಬೈದವ್ರು ಯಾರು?”

“ಸೌಂದರ್ಯಾನ ಅತ್ತಿ. ಸತ್ಯಭಾಮಕ್ಕಾರು.”

“ಮತ್ತ ಔಷಧಿ ಡಬ್ಬಿ ನಿಮ್ಮನಿಯವ್ರ ಕೈಗೆ ಕೊಡ್ತಿದ್ದವ್ರು?”

“ಅವರ ಮನಿಯಿಂದನ…” ಎಂದಳು ಶಿವದೇವಿ. ನೀರಿನ ಸಮಿತಿಯ ಅಧ್ಯಕ್ಷೆಯೂ ಸತ್ಯಭಾಮಾ ಅವರೇ. ಇಂಜಿನಿಯರ್ ತಂದ ಡಬ್ಬಿ ಅವರ ಮನೆಯಲ್ಲಿ ತೆರೆದು, ಅಲ್ಲಿಂದ ಪಂಪ್ ಮನೆಗೆ ಬರುತ್ತಿತ್ತು. ಇವತ್ತು ಸಂಜೆ ದೂರಿಗೆ ಮೊದಲ ಸಹಿ ಹಾಕುವವರೂ ಅವರೇ.

*

ಸತ್ಯಭಾಮಾ ಅವರ ಪಡಸಾಲೆಯಲ್ಲಿ ಊದುಬತ್ತಿಯ ಹೊಗೆ ಇನ್ನೂ ಆಡುತ್ತಿತ್ತು. ದಿವಾನದ ಮೇಲೆ ದಿನ ತುಂಬಿದ ಸೌಂದರ್ಯಾ ಕಾಲ ಕೆಳಗೆ ಎರಡು ದಿಂಬಿಟ್ಟುಕೊಂಡು ಮಲಗಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ.

“ಬರ್ರಿ ಪತ್ತೇದಾರಮ್ಮಾರ,” ಎಂದರು ಸತ್ಯಭಾಮಾ. ಗಂಜಿ ಹಾಕಿದ ಸೀರೆ, ಗಂಜಿ ಹಾಕಿದ ಮಾತು. “ನಿಮ್ಮ ಹಳದಿ ಚೀಟಿ ಆಟ ಮುಗೀತೇನು? ಚಹಾ ಕುಡೀತೀರಿ?”

“ಯಾವ ನೀರಿನ ಚಹಾರಿ?”

“ಇದೇನ್ರೀ ಮಾತು? ನಮ್ಮ ಯಂತ್ರದ ನೀರು. ಆ ಗುರುಬಸವ ಒಳಗ ಹೋಗ್ಯಾನ. ಇನ್ನ ವಿಷ ಹಾಕಾವ್ರು ಯಾರದಾರ?”

ಸೌಂದರ್ಯಾ ಲೋಟ ಬಾಯಿಗೆತ್ತಿದಳು. ನಿರೀಕ್ಷಾ ಎರಡೇ ಹೆಜ್ಜೆಗೆ ಹೋಗಿ ಲೋಟದ ಮೇಲೆ ಅಂಗೈ ಇಟ್ಟುಬಿಟ್ಟಳು. ನೀರು ದಿವಾನದ ಹಾಸಿನ ಮೇಲೆ ಚೆಲ್ಲಿತು.

“ತಂಗಿ, ಕಾಲು ಜುಮುಜುಮು ಅಂತಾವೇನು?”

“ಅಂತಾವ್ರಿ,” ಎಂದಳು ಹುಡುಗಿ ಗಾಬರಿಯಿಂದ. “ಇರುವಿ ಹರದಂಗ. ಬಸುರಿಗೆ ಹಂಗಾಕ್ಕೈತಿ ಅಂತಾರ ಅತ್ತಿ.”

“ಏನು ನಡಿಸೀರಿ ನಮ್ಮ ಮನ್ಯಾಗ?” ಸತ್ಯಭಾಮಾ ಎದ್ದುನಿಂತರು.

ನಿರೀಕ್ಷಾ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳಂತೆ ದುಪಟ್ಟಾದ ತುದಿ ಬಿಚ್ಚಿ, ಗುಲಾಬಿ ಬಣ್ಣ ಕುಡಿದ ಅಮಾವಾಸ್ಯೆಯ ಲಿಂಬೆಹೋಳನ್ನು ಟೀಪಾಯಿಯ ಮೇಲಿಟ್ಟಳು. ಅದರ ಪಕ್ಕ ತನ್ನ ಕಂದು ಬೆರಳನ್ನು ಊರಿದಳು.

“ಔಷಧಿ ಇದ್ದಿದ್ರ ಈ ಹೋಳು ಇದ್ದಲಿ ಆಗತಿತ್ರಿ, ಗುರುಬಸವನ ಉಗುರು ನನ್ನ ಬೆರಳಿನಂಗ ಇರತಿದ್ವು. ಕುಬಸದ ಮರುವಾರದಿಂದ ತೊಟ್ಟ್ಯಾಗ ಔಷಧಿ ಬಿದ್ದಿಲ್ಲ. ಬಣ್ಣ ಬಿದ್ದೈತಿ. ಡಬ್ಬಿ ನಿಮ್ಮ ಮನಿಯಿಂದ ಹೋಗೈತಿ.”

“ಅದಕ್ಕೇನೀಗ? ನಾ ವಿಷ ಹಾಕೀನಿ ಅಂತೀರೇನು? ನನ್ನ ಸೊಸಿಗೆ? ನನ್ನ ಮೊಮ್ಮಗಗ?”

“ಇಲ್ರಿ. ವಿಷ ನೆಲದಾಗ ಮೊದಲಿಂದ ಐತಿ. ಅದನ್ನ ತಡಿಯೂದನ್ನ ಯಾರೋ ತಗದಾರ.”

“ಬಣ್ಣ ಇತ್ತಲ್ಲ!” ಎಂದುಬಿಟ್ಟರು ಸತ್ಯಭಾಮಾ. “ಗುಲಾಬಿ ಇದ್ರ ಸರಿ ಅಂತ ಆ ಇಂಜಿನಿಯರೇ…”

 ಹೊರಗೆ ಲೋಕಲ್ ರೈಲೊಂದು ಮನೆಯ ಗಾಜುಗಳನ್ನೆಲ್ಲ ನಡುಗಿಸುತ್ತ ಹೋಯಿತು. ಅದು ಹೋಗಿ ಮುಗಿಯುವವರೆಗೂ ಅವರು ಸೊಸೆಯ ಹೊಟ್ಟೆಯನ್ನೇ ನೋಡುತ್ತಿದ್ದರು.

ದಿವಾನದ ಅಂಚಿನಲ್ಲಿ ಕೂತಾಗ ಸೀರೆಯ ಗಂಜಿ ಮುರಿದ ಸದ್ದಾಯಿತು.

“ನನ್ನ ಕುಬಸದಾಗೂ ಸೀರಿಗೆ ಕಲಿ ಬಿದ್ದಿತ್ತು,” ಎಂದರು. “ದೀಪದ ಎಣ್ಣಿ ಚೆಲ್ಲಿ. ಚೊಚ್ಚಲ ಕೂಸ ಉಳೀಲಿಲ್ಲ. ಮುವ್ವತ್ತು ವರ್ಷ ಆತು, ಯಾರಿಗೂ ಹೇಳಿಲ್ಲ. ಇಕಿ ಸೆರಗಿನ ಮ್ಯಾಲ ಆ ಕಂದು ಕಲಿ ನೋಡಿ ನನ್ನ ಜೀವ ಹಾರಿಹೋತು. ಆ ಹಾಳ ಔಷಧಿ ನೀರು ಇಕಿಗೆ ಮುಟ್ಟಬಾರದು ಅಂತ ನಿಶ್ಚಯ ಮಾಡಿದೆ. ಹೊಸ ಡಬ್ಬಿ ಬಂತು, ಸೀಲು ಒಡದು ಪುಡಿ ಬಚ್ಚಲದಾಗ ಸುರಿವಿದೆ. ಅದೇ ಡಬ್ಬಿಗೆ ಮಿಠಾಯಿ ಗುಲಾಬಿ ಬಣ್ಣ ತುಂಬಿ ಕೊಟ್ಟೆ. ನೀರು ಸ್ವಚ್ಛ ಮಾಡೂದು ಆ ಮರಳು ಅಂತ ತಿಳಿದಿದ್ದೆ ನಾ. ಬಣ್ಣ ಬರೀ ನೋಡಾಕ ಅಂತ.”

“ಗುರುಬಸವನ್ನ ಹಿಡಕೊಂಡು ಹೋದಾಗ?”

“ಅವಗ ನಾ ಎಲ್ಲಾರ ಮುಂದ ಬೈದಿದ್ದೆ. ಸೇಡಿಗೆ ಹಾಕ್ಯಾನ ಅಂತನ ನಂಬಿದ್ದೆ. ದೇವರಾಣಿ ನಂಬಿದ್ದೆ.” ಅವರು ಸೌಂದರ್ಯಾಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಜುಮುಜುಮು ಅಂತಾವ ಅಂತ ದಿನಾ ಅಂತಿದ್ಲು. ನಾನ ಲೋಟ ತುಂಬಿ ಕೊಡ್ತಿದ್ದೆ. ಕುಡಿ, ಕುಡಿ ಅಂತ.”

ಸತ್ಯಭಾಮಾ ಅವರ ಮೇಲೆ ರೇಗಬೇಕೆಂದು ಬಂದಿದ್ದ ನಿರೀಕ್ಷಾಳಿಗೆ ರೇಗಲು ಜಾಗವೇ ಸಿಗಲಿಲ್ಲ. ಅದು ಇನ್ನೊಂದು ಕಿರಿಕಿರಿ.

“ಇಕಿನ್ನ ಈಗಿಂದೀಗ ದವಾಖಾನಿಗೆ ಕಳಸ್ರಿ,” ಎಂದಳು. “ನೀವು ನನ್ನ ಜೋಡಿ ಬರ್ರಿ. ಒಂದು ತಂಬಿಗಿ ನೀರಿನ ಮಾತು ಬಾಕಿ ಐತಿ.”

*

ಮೀನಿನಂಗಡಿಯಾತನ ಔಷಧವೆಲ್ಲ ಬಂತು, ಅವನ ಗೋದಾಮಿನದೂ ಸೇರಿ. ಬಣ್ಣದ ನೀರನ್ನು ಮೋರಿಗೆ ಬಿಟ್ಟು ತೊಟ್ಟಿ ತೊಳೆದರು. ವಿನಾಯಕ ಅಳತೆ ಹೇಳಿದ. ಆ ವಿಷಯದಲ್ಲಿ ಅವನು ಚುರುಕಾಗಿದ್ದ. ಪುಡಿ ಸುರಿಯುವಾಗ ಸತ್ಯಭಾಮಾ ನಿರೀಕ್ಷಾಳ ಕೈಯಿಂದ ಬಾಟಲಿ ಕಸಿದುಕೊಂಡರು.

“ನಾ ಹಾಕ್ತೀನಿ. ತಗದವಳು ನಾ.”

“ಕೈ ಹಾಕಬ್ಯಾಡ್ರಿ, ಬಡಿಗಿ ತಗೋರಿ…”

ಅಷ್ಟರಲ್ಲಿ ಅವರು ಮೊಣಕೈವರೆಗೂ ಕೈ ಇಳಿಸಿ ಕಲಕುತ್ತಿದ್ದರು. ತೊಟ್ಟಿ ನೇರಳೆಯಾಯಿತು. ಇದು ಮದುಮಗಳ ಗುಲಾಬಿಯಲ್ಲ. ಗದ್ದಲ ಮಾಡಲು ಬಂದವರ ಬಣ್ಣ.

ಪೈಪಿನಲ್ಲಿದ್ದ ಹಳೆಯ ನೀರು ಹರಿದುಹೋಗುವವರೆಗೆ ಕಾಯಬೇಕಿತ್ತು. ಮರಳಿನ ಮೂಲಕ ಹೊಸ ನೀರು ಇಳಿಯುವವರೆಗೆ ಕಾಯಬೇಕಿತ್ತು. ಕಾಯುವುದೆಂದರೆ ನಿರೀಕ್ಷಾಳಿಗೆ ಹಲ್ಲುನೋವು. ಒಮ್ಮೆ ನಲ್ಲಿ ಮುಟ್ಟಿ ಅಜ್ಜಿಯಿಂದ ಬೈಸಿಕೊಂಡಳು. ಇನ್ನೊಮ್ಮೆ ಮೋಟಾರು ತಾನಾಗಿ ನಿಂತುಹೋಯಿತು, ಕರೆಂಟು ಹೋಗಿತ್ತು. ಶಿವದೇವಿ ಕಣ್ಣುಮುಚ್ಚಿ ಏನೋ ಗೊಣಗುತ್ತಿದ್ದಳು. ಸಮಿತಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು, “ಏಮೈಂದಿ?” ಏನಾಯಿತೆಂದು ತೆಲುಗಿನಲ್ಲಿ ಪಿಸುಗುಟ್ಟಿಕೊಂಡರು.

ಕರೆಂಟು ಬಂತು. ವಿನಾಯಕ ಮೊಬೈಲು ನೋಡಿಕೊಂಡು, “ಒಂದು ಫೋನ್ ಮಾಡಿ ಬರ್ತೇನೆ ಮೇಡಂ, ಇಲ್ಲಿ ಗದ್ದಲ,” ಎಂದು ಹೊರಗೆ ಸರಿದ.

ನಿರೀಕ್ಷಾ ಬಾಟಲಿಗೆ ನೀರು ಹಿಡಿದಳು. ಪರೀಕ್ಷೆಯ ಪುಡಿ ಹಾಕಿದಳು. ಹೊಸ ಪಟ್ಟಿ ಸಿಕ್ಕಿಸಿ ಮುಚ್ಚಳ ತಿರುವಿದಳು. ಗೋದಾಬಾಯಿ ಅಡಿಕೆಲೆ ಬಾಯಿಗಿಟ್ಟು, ಅಗಿದು, ಪೂರ್ತಿ ಮುಗಿಸುವವರೆಗೂ ಕಾದಳು.

ಮುಚ್ಚಳ ತೆಗೆದಳು.

ಬಿಳಿ.

ಕಿಟಕಿಯ ಬೆಳಕಿಗೆ ಹಿಡಿದಳು. ಬಾಗಿಲ ಬೆಳಕಿಗೆ ಹಿಡಿದಳು. ತನ್ನನ್ನೇ ನಂಬದೆ ಅಜ್ಜಿಯ ಕಣ್ಣಿಗೆ ಹಿಡಿದಳು.

“ಹಾಲಿನಂಗ ಐತಿ,” ಎಂದರು ಗೋದಾಬಾಯಿ. “ಕೊಂಬು ಮೂಡಿದ್ವು ನೋಡು.”

ನಲ್ಲಿಯ ಕೆಳಗೆ ಶಿವದೇವಿ ತಂಬಿಗೆ ಹಿಡಿದಳು. ನೀರು ಹಿತ್ತಾಳೆಗೆ ಬಡಿದು ಗೆಜ್ಜೆಯಂತೆ ಸದ್ದು ಮಾಡಿತು. ಸತ್ಯಭಾಮಾ ಎಲ್ಲರೆದುರು ಠಾಣೆಗೆ ಫೋನ್ ಹಚ್ಚಿದರು: “ದೂರು ಇಲ್ರಿ ಇನ್ಸ್‌ಪೆಕ್ಟರ್ ಸಾಹೇಬ್ರ. ತಪ್ಪು ನಂದು. ನಾನ ಬರಾಕತ್ತೀನಿ. ಅವನ್ನ ಮನಿಗೆ ಕಳಸ್ರಿ.”

“ಕುಡೀರಿ ಅಕ್ಕಾರ,” ಎಂದಳು ನಿರೀಕ್ಷಾ.

ಶಿವದೇವಿ ತಲೆಯಾಡಿಸಿ ತಂಬಿಗೆಯ ಮೇಲೆ ಸೆರಗು ಮುಚ್ಚಿದಳು. “ಮೊದಲ ಗುಟಕ ಅವರದು. ಠಾಣೆಕ್ಕ ಒಯ್ಯತೀನಿ.”

ಸತ್ಯಭಾಮಾ ಫೋನ್ ಇಟ್ಟು, ಬಕೀಟಿನ ನೀರಿನಲ್ಲಿ ಕೈ ತಿಕ್ಕುತ್ತಿದ್ದರು. ಸಾಬೂನು ಹಚ್ಚಿದರು. ಸೆರಗಿಗೆ ಒರೆಸಿದರು. ಸೆರಗೂ ಕಂದಾಯಿತು, ಕೈ ಬಿಳಿಯಾಗಲಿಲ್ಲ.

“ಇದೇನ್ರೀ ಇದು, ಹೋಗವಲ್ದಲ್ಲ?” ಅಂಗೈ ತಿರುಗಿಸಿ ನೋಡಿಕೊಂಡರು. “ಅವತ್ತ ಹಿಂಗಾಗಲಿಲ್ಲ.”

“ಯಾವಾಗ್ರಿ?”

“ಹೊಸ ಡಬ್ಬಿ ಸೀಲು ಒಡದು ಬಚ್ಚಲದಾಗ ಸುರಿವಿದೆ ಅಂದೆನಲ್ಲ, ಅವತ್ತ. ಬರಿಗೈಲೇ ಬಾಚಿ ಸುರಿವೀನಿ. ಒಂದು ಚರಿಗಿ ನೀರಿಗೆ ಎಲ್ಲಾ ಹೋತು. ಕೈನೂ ಸ್ವಚ್ಛ. ಬಚ್ಚಲದ ಬಿಳೀ ಕಲ್ಲೂ ಸ್ವಚ್ಛ.”

ನಿರೀಕ್ಷಾ ತನ್ನ ಕಂದು ಬೆರಳನ್ನು ನೋಡಿಕೊಂಡಳು.

ಸತ್ಯಭಾಮಾ ಬಚ್ಚಲಿಗೆ ಚೆಲ್ಲಿದ್ದು ಔಷಧವೇ ಅಲ್ಲ. ಸೀಲು ಒಡೆಯುವ ಮೊದಲೇ ಡಬ್ಬಿಯಲ್ಲಿ ಬಣ್ಣವಿತ್ತು. ಅವರು ಬಣ್ಣ ಚೆಲ್ಲಿ ಬಣ್ಣ ತುಂಬಿದ್ದರು. ಏನೂ ಮಾಡದೆ ಸುಮ್ಮನಿದ್ದಿದ್ದರೂ ಸೌಂದರ್ಯಾಳ ಲೋಟದಲ್ಲಿ ಅದೇ ನೀರು ಇರುತ್ತಿತ್ತು.

ಅದೇ ಸೀಲಿನ ಡಬ್ಬಿಗಳು ಇನ್ನೂ ಯಾವ ಯಾವ ಕಾಲೊನಿಯ ಪಂಪ್ ಮನೆಗಳಲ್ಲಿ ಗುಲಾಬಿಯಾಗಿ ಕೂತಿವೆ?

ಅವಳು ಕಿಟಕಿಯ ಕಟ್ಟೆಯತ್ತ ತಿರುಗಿದಳು. ಹಳದಿ ಪಟ್ಟಿಗಳು ಸಾಲಾಗಿ ಇದ್ದವು. ಅವುಗಳ ಪಕ್ಕ ಧೂಳಿನಲ್ಲಿ ದುಂಡಗಿನ ಒಂದು ಗುರುತು ಉಳಿದಿತ್ತು. ಡಬ್ಬಿ ಇರಲಿಲ್ಲ.

“ವಿನಾಯಕ ಎಲ್ಲಿ?”

“ಆ ಇಂಜಿನಿಯರ್ ಹುಡುಗನ?” ಬಾಗಿಲಲ್ಲಿ ನಿಂತವರೊಬ್ಬರು ಹೇಳಿದರು. “ಕರೆಂಟ್ ಬಂದಾಗಲೇ ಸ್ಕೂಟರ್ ಹತ್ತಿ ಹೋದ್ನಲ್ರಿ. ಕೈಯಾಗ ಒಂದು ಡಬ್ಬಿ ಇತ್ತು.”

“ಸಿಕ್ಕನೇನವಾ ರಕ್ಕಸ?” ಗೋದಾಬಾಯಿ ಕುರ್ಚಿಯಿಂದ ಕಾಲು ಇಳಿಸುತ್ತ ಕೇಳಿದರು.

“ಬಾವ್ಯಾಗಿನವ ಸಿಕ್ಕ, ಅಜ್ಜಿ.”

ಹೊರಗೆ ದೀಪ ಹಚ್ಚುವ ಹೊತ್ತಾಗಿತ್ತು. ಶಿವದೇವಿ ಆಟೋದಲ್ಲಿ ಕೂತು, ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಒಂದು ಹನಿಯೂ ತುಳುಕದಂತೆ ಕಾಲೊನಿಯ ಗೇಟು ದಾಟಿದಳು.